ಎಸ್ಪೆರಾನ್ಸಳ ಮಕ್ಕಳು ಕೊಟ್ಟ ಊಟ

ಈ ಸಲದ ಕ್ರಿಸ್ಮಸ್ ಊಟದ ಯಜಮಾನಿಕೆ ಮಕ್ಕಳದ್ದೇ ಇರಲಿ ಎಂದಳು ಪಿಯೆದಾದ್ ಮುದುಕಿ. ಡಿಸೆಂಬರಿನ ಮೊದಲ ಭಾನುವಾರ ಇಗರ್ಜಿಯಿಂದ ಬಂದು, ಜಗಲಿಯ ಕಲ್ಲಿನ ಮೇಲೆ ಕೂತು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಈಗಷ್ಟೇ ಏನೋ ಹೊಳೆದವಳ ಹಾಗೆ ಹೇಳಿದಳು. ಅದು ಆಗಷ್ಟೇ ಹೊಳೆದದ್ದಲ್ಲ ಎಂದು ಅವಳ ಕಿರಿಯ ಮಗ ರೊಜಾರನಿಗೆ ಗೊತ್ತಾಗಲು ಎರಡು ವಾರ ಹಿಡಿಯಿತು. ಗೊತ್ತಾದ ಮೇಲೆ ಅವನು ಮಾಡಿದ್ದೇನು ಎಂದು ಕೇಳಿದರೆ, ಏನೂ ಇಲ್ಲ.

ಅದು ಸಾವಿನ ಕಪ್ಪು ಹಿಡಿದ ಮನೆ. ಮಾರ್ಚ್ ಏಳಕ್ಕೆ ಹಿರಿಯ ಮಗ ಇನಾಸನ ಹೆಂಡತಿ ಎಸ್ಪೆರಾನ್ಸ್ ಮಡಗಾಂವಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ವರ್ಷ ತುಂಬಿ, ವರ್ಷದ ಪೂಜೆ ಆಗುವವರೆಗೆ ಅಂಥ ಮನೆಯಲ್ಲಿ ಸಿಹಿಗೆ ಒಲೆ ಹಚ್ಚುವಂತಿಲ್ಲ, ಅಂಗಳಕ್ಕೆ ನಕ್ಷತ್ರ ಕಟ್ಟುವಂತಿಲ್ಲ, ಮದುವೆಯ ಮಾತನ್ನಂತೂ ಬಾಯಿಗೆ ತರುವಂತಿಲ್ಲ. ಹಬ್ಬಕ್ಕೆ ನೆರೆಯವರೇ ಸಿಹಿಯ ತಟ್ಟೆ ಕಳಿಸುತ್ತಾರೆ. ಆ ಮನೆಯಿಂದ ತಟ್ಟೆ ಹೋಗುವುದಿಲ್ಲ. ಯಾವತ್ತು ಹೋಯಿತೋ ಅವತ್ತು ಇವರು ಕಪ್ಪು ಬಿಟ್ಟರು ಎಂದು ವಾಡೆಗೆಲ್ಲ, ಅಂದರೆ ಸುತ್ತಲ ಕೇರಿಗೆಲ್ಲ, ತಿಳಿಯುತ್ತದೆ. ಡಂಗುರ ಹೊಡೆಯಬೇಕಿಲ್ಲ.

ಎಸ್ಪೆರಾನ್ಸ್ ಬಿಟ್ಟುಹೋದದ್ದು ಎರಡು ಮಕ್ಕಳನ್ನು. ವೆಲೂಶಳಿಗೆ ಹನ್ನೊಂದು, ಆಲ್ರಿಕನಿಗೆ ಆರು. ಇನಾಸ್ ಹಡಗಿನವನು, ಹೆಂಡತಿಯ ಮಣ್ಣಿಗೆ ಬಂದು ಎಂಟನೇ ದಿನಕ್ಕೆ ಮತ್ತೆ ಹಡಗು ಹತ್ತಿದವನು. ಹಾಗಾಗಿ ಮಕ್ಕಳ ಪಾಲಿಗೆ ಉಳಿದದ್ದು ಮೊಣಕಾಲು ಹೋದ ಅಜ್ಜಿ, ಮತ್ತು ರೊಜಾರ್. ರೊಜಾರನಿಗೆ ಇಪ್ಪತ್ಮೂರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಊರ ಬೇಕರಿಯ ಒಲೆಗೆ ಸೇರಿದವನು. ಬೆಳಗಿನ ಜಾವ ಮೂರಕ್ಕೆ ಹೋಗಿ ಪಾವು ಸುಟ್ಟು, ಸೈಕಲ್ಲಿಗೆ ಬುಟ್ಟಿ ಕಟ್ಟಿ, ಮನೆಮನೆಗೆ ಹಾಕಿ, ಒಂಬತ್ತಕ್ಕೆ ಮನೆಗೆ ಬಂದರೆ ಮಕ್ಕಳು ಆಗಲೇ ಶಾಲೆಗೆ ಹೋಗಿರುತ್ತಿದ್ದವು. ಮಕ್ಕಳು ಅವನನ್ನು ತಿತಿವ್ ಎನ್ನುತ್ತಿದ್ದವು. ಅವರ ಕಡೆ ಚಿಕ್ಕಪ್ಪನಿಗೆ ಹಾಗೇ ಕರೆಯುವುದು.

ಕ್ರಿಸ್ಮಸ್ ಊಟ ಮೂರು ದಾಯಾದಿ ಮನೆಗಳಲ್ಲಿ ಸರದಿಯಂತೆ ನಡೆಯುತ್ತದೆ. ಈ ವರ್ಷದ್ದು ಇವರದು. ಸಾವಾದ ಮನೆ, ಸರದಿ ಮುಂದಿನವರಿಗೆ ಹೋಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಮುದುಕಿ ಹೇಳಿದ್ದು ಕೇಳಿ ವೆಲೂಶ ಪುಸ್ತಕದಿಂದ ತಲೆಯೆತ್ತಿದಳು.

"ಮಮ್ಮಿ ವರ್ಷ ಆಗಿಲ್ಲ ಶಾಮಾಯ್."

ಮಕ್ಕಳಿಗೆ ಶಾಮಾಯ್ ಆದ ಮುದುಕಿ ಎಣ್ಣೆಯ ಬಟ್ಟಲು ಬದಿಗೆ ಸರಿಸಿದಳು. ಆ ಹುಡುಗಿ ತೋಳಿನ ಕಪ್ಪು ಪಟ್ಟಿಯನ್ನು ಒಂಬತ್ತು ತಿಂಗಳಿಂದ ಸ್ನಾನಕ್ಕೆ ಬಿಟ್ಟರೆ ಬಿಚ್ಚಿರಲಿಲ್ಲ. ತಾನೇ ಒಗೆದು, ತಾನೇ ಹೊಲಿದುಕೊಳ್ಳುತ್ತಿದ್ದಳು. ಅಂಥವಳ ಹತ್ತಿರ ವಾದಕ್ಕಿಳಿದರೆ ಗೆಲ್ಲುವುದಿಲ್ಲವೆಂದು ಮುದುಕಿಗೆ ಗೊತ್ತು. ಅವಳು ಯಾರ ಮಾತು ಕೇಳುತ್ತಾಳೆ ಅನ್ನುವುದೂ ಗೊತ್ತು. ರೊಜಾರನನ್ನು ಅಡುಗೆಮನೆಗೆ ಕರೆದು, ಮಗು ಒಣಗಿಹೋಗ್ತಿದೆ, ನಾಲ್ಕು ಜನರ ಜೊತೆ ಕೈಯಾಡಿಸಿದ್ರೆ ಮನಸ್ಸು ತಿರುಗ್ತದೆ, ಮಕ್ಕಳ ಆಟ ಅಂದ್ಕೊಂಡು ಊರೂ ಸುಮ್ಮನಿರ್ತದೆ, ನೀನು ಒಂದು ಮಾತು ಹೇಳು ಎಂದಳು. ಅವನಿಗೂ ಹೌದೆನ್ನಿಸಿತು. ಪಾವಿನ ಬುಟ್ಟಿ ಹೊರುವವನ ತಲೆಗೆ ಅದರಾಚೆಗಿನದು ಹೊಳೆಯಲಿಲ್ಲ.

ಅವನ ಹತ್ತಿರ ಒಂದು ಮಾತು ಇತ್ತು ಕೂಡ. ಹೋದ ಕ್ರಿಸ್ಮಸ್‌ನಲ್ಲಿ ದೊಡ್ಡಪ್ಪನ ಮನೆಯ ಹಿತ್ತಲಲ್ಲಿ ಕೋಳಿಯ ಪುಕ್ಕ ಕೀಳುತ್ತ ಎಸ್ಪೆರಾನ್ಸ್ ಅಂದಿದ್ದಳು: ಬರೋ ವರ್ಷ ನಮ್ಮ ಸರದಿ, ನಾನು ಕಾಲು ಚಾಚಿ ಕೂತ್ಕೋತೀನಿ, ವೆಲೂ ನಡೆಸ್ತಾಳೆ.

"ಅಂದಿದ್ಳಾ ಇಲ್ವಾ?" ಎಂದ ರೊಜಾರ್.

"ಅಂದಿದ್ಳು. ತಮಾಷೆಗೆ ಅಂದಿದ್ದು ತಿತಿವ್."

"ಸತ್ತೋರ ತಮಾಷೆನೂ ನಡೆಸಿಕೊಡ್ಬೇಕು ಪುತಾ."

ಒಂಬತ್ತನೇ ಕ್ಲಾಸು ದಾಟದವನ ಬಾಯಲ್ಲಿ ಪಾದ್ರಿಯ ಮಾತು ಎಲ್ಲಿಂದ ಬಂತೋ. ವೆಲೂಶ ತುಂಬ ಹೊತ್ತು ಉಗುರು ಕಚ್ಚಿದಳು. ಆಮೇಲೆ ಒಂದೇ ಕರಾರು ಹಾಕಿದಳು. ಅದು ಮಮ್ಮಿಯ ಹೆಸರಿನ ಊಟ ಆಗಬೇಕು, ಪಟ್ಟಿ ಮಾತ್ರ ತೆಗೆಯುವುದಿಲ್ಲ. ಆಗಲಿ ಎಂದ. ಅವನೇ ಆಗಲಿ ಎಂದ.

ಅಲ್ಲಿಂದ ಮನೆ ಬದಲಾಯಿತು. ವೆಲೂಶ ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದು ಸೆರಗಿಲ್ಲದ ಯಜಮಾನಿಯಾಗುತ್ತಿದ್ದಳು. ಯಾರು ಎಲ್ಲಿ ಕೂರಬೇಕು, ಹಲ್ಲಿಲ್ಲದ ದೊಡ್ಡಪ್ಪನಿಗೆ ಯಾವ ತುಂಡು, ಮೂರನೇ ಮನೆಯ ಅತ್ತೆಯೂ ಎರಡನೇ ಮನೆಯ ಅತ್ತೆಯೂ ಎದುರುಬದುರಾದರೆ ಏನಾಗುತ್ತದೆ, ಎಲ್ಲ ಲೆಕ್ಕ ಹಾಕಿದಳು. ಕರೆಯೋಲೆಗಳನ್ನು ಬಣ್ಣದ ಪೆನ್ನಿನಲ್ಲಿ ತಾನೇ ಬರೆದಳು. ಮುದುಕಿ ಹೇಳಿದ ಪಟ್ಟಿಯ ಕೊನೆಯಲ್ಲಿ ಕೆಪೆಯಿಂದ ನಾಲ್ಕು ಜನ ಎಂದಿತ್ತು. ಯಾರು ಅವರು ಎಂದು ಕೇಳಿದ್ದಕ್ಕೆ, ಬೇಕಾದವರು, ಬರಿ ನೀನು ಎಂದಳು ಮುದುಕಿ. ವೆಲೂಶ ಬರೆದಳು. ಅಪರಿಚಿತರೆಂದು ಅದಕ್ಕೊಂದು ಹೂವನ್ನೂ ಹೆಚ್ಚಿಗೆ ಬಿಡಿಸಿದಳು.

ಆಲ್ರಿಕನ ಪಾಲಿಗೆ ಬಂದದ್ದು ಗೋದಲಿ. ಹುಲ್ಲು ತಂದ, ಕಲ್ಲು ತಂದ, ಕುರುಬರಿಗಿಂತ ಹೆಚ್ಚು ಹಂದಿಗಳನ್ನು ತಂದಿಟ್ಟ. ಯೇಸು ಹುಟ್ಟಿದ ಕೊಟ್ಟಿಗೆಯಲ್ಲಿ ಹಂದಿ ಯಾಕೋ ಎಂದು ಅಕ್ಕ ಕೇಳಿದರೆ, ಹಬ್ಬಕ್ಕೆ ಬೇಕಲ್ಲ ಎಂದ. ವೆಲೂಶ ನಕ್ಕಳು. ಒಂಬತ್ತು ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗೆ ಅದು. ಹನ್ನೆರಡನೇ ತಾರೀಖು ಹಡಗಿನಿಂದ ಇಳಿದು ಬಂದ ಇನಾಸ್ ಆಗ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ.

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತು ಕುಲ್‌ಕುಲ್ ಸುತ್ತುತ್ತಿದ್ದರು. ಹಿಟ್ಟಿನ ಗೋಲಿಯನ್ನು ಮುಳ್ಳುಚಮಚದ ಬೆನ್ನ ಮೇಲೆ ಒತ್ತಿ ಚಿಪ್ಪಿನ ಹಾಗೆ ಸುರುಳಿ ಮಾಡುವ ಕೆಲಸ. ರೊಜಾರ್ ಸುತ್ತಿದ್ದು ಬೆರಳಿನಷ್ಟು ದಪ್ಪ ಆಗುತ್ತಿತ್ತು. ಮಮ್ಮಿ ಇದ್ದಿದ್ದರೆ ನಿನ್ನನ್ನು ಎಬ್ಬಿಸಿ ಪಾವು ಮಾಡೋಕೆ ಕಳಿಸ್ತಿದ್ಳು ಎಂದಳು ವೆಲೂಶ. ಮಮ್ಮಿ ಎಂಬ ಮಾತು ಅವಳ ಬಾಯಲ್ಲಿ ಅಳುವಿಲ್ಲದೆ ಬಂತು. ಕರ್ಜಿಕಾಯಿಯಂಥ ನೆವ್ರಿಯ ಅಂಚನ್ನು ಮಮ್ಮಿ ಹೇಗೆ ಮಡಿಚುತ್ತಿದ್ದಳು, ಎಳ್ಳು ಎಷ್ಟು, ಬೆಲ್ಲ ಎಷ್ಟು, ಒಂದೊಂದನ್ನೇ ಹೇಳುತ್ತ ಹೋದಳು. ರೊಜಾರ್ ತನ್ನನ್ನು ತಾನೇ ಮೆಚ್ಚಿಕೊಂಡ. ಮಗುವನ್ನು ಬಾವಿಯಿಂದ ಎತ್ತಿದ್ದು ನಾನು ಎಂದುಕೊಂಡ.

ಹದಿನಾರನೇ ತಾರೀಖು ಬೆಳಗ್ಗೆ ಪಾವು ಹಾಕಿ ಬೇಕರಿಗೆ ವಾಪಸು ಬಂದಾಗ ಮಾಲೀಕ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಜನವರಿ ಹದಿನೆಂಟು, ಕೆಪೆಯವರದು, ಬೋಳ್ ಅರವತ್ತು. ಬೋಳ್ ಎಂದರೆ ಮದುವೆಯಲ್ಲಿ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೊರೆಸಿ ಕಳಿಸುವ ತೆಂಗು ಬೆಲ್ಲದ ದಪ್ಪ ರೊಟ್ಟಿ. ಈ ಊರಿನ ಒಲೆಯದಕ್ಕೆ ಹೆಸರು ಜಾಸ್ತಿ.

"ಯಾರ ಮದುವೆ?" ಎಂದ ರೊಜಾರ್, ಸುಮ್ಮನೆ.

ಮಾಲೀಕ ತಿರುಗಿ ಅವನ ಮುಖ ನೋಡಿ ಹಲ್ಲು ಬಿಟ್ಟ. "ಸುಡೋನೂ ನೀನೇ, ತಿನ್ನೋನೂ ನೀನೇ. ನನ್ನ ಕೇಳ್ತೀಯಲ್ಲೋ ಕಳ್ಳ."

ಅದಾದ ಮೇಲೆ ಸೈಕಲ್ಲು ಮನೆಗೆ ಹೇಗೆ ಬಂತೋ ಸೈಕಲ್ಲಿಗೇ ಗೊತ್ತು. ಇನಾಸ್ ಹಿತ್ತಲ ಬಾವಿಕಟ್ಟೆಯಲ್ಲಿ ಗಡ್ಡ ಹೆರೆಯುತ್ತಿದ್ದ. ರೊಜಾರ್ ಅವನ ಕೈಯಿಂದ ಕನ್ನಡಿ ಕಿತ್ತುಕೊಂಡ. ಇನಾಸ್ ಕಾರಣ ಕೇಳಲಿಲ್ಲ. ಹೆಸರು ಮೆರ್ವಿನಾ, ಕೆಪೆಯವಳು, ಮೂವತ್ನಾಲ್ಕು, ಒಳ್ಳೆಯವಳು ಎಂದ. ಮಾಯ್, ಅವರ ತಾಯಿ, ಆಗಸ್ಟಿನಿಂದಲೇ ಮಾತಾಡುತ್ತಿದ್ದಳಂತೆ.

"ವರ್ಷ ಆಗಿಲ್ವಲ್ಲೋ. ಮೂರು ತಿಂಗಳು ತಡೀಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಹಡಗು ತಡೀತದಾ? ಜನವರಿ ಇಪ್ಪತ್ತೆಂಟಕ್ಕೆ ಹತ್ಬೇಕು. ಮತ್ತೆ ಬರೋದು ನವೆಂಬರ್. ಅಲ್ಲೀತನಕ ಮಾಯ್ ಮೊಣಕಾಲು ಇರ್ತದಾ? ಆಲ್ರಿಕ್ ಇನ್ನೂ ಹಾಸಿಗೇಲಿ ಉಚ್ಚೆ ಹೊಯ್ಕೋತಾನೆ. ದಿನಾ ನೀನು ಒಗೀತೀಯಾ? ಮೂರು ಗಂಟೆಗೆ ಎದ್ದು ಹೋಗೋನು ನೀನು."

ಇದೇ ರೊಜಾರನ ಮೈಯುರಿ. ಬಡವನ ಸಿಟ್ಟಿಗೆ ಎದುರಿನವನು ಒಂದು ಸರಿಯಾದ ಪ್ರಶ್ನೆ ಕೇಳಿದರೆ ಸಾಕು, ಸಿಟ್ಟು ಹೊರಗೆ ಬರಲಾರದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

"ವೆಲೂಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ. ಹಬ್ಬದ ದಿನ. ಅಲ್ಲೀತನಕ ಬಾಯಿ ಬಿಡ್ಬೇಡ. ಒಂಬತ್ತು ತಿಂಗಳಾದ್ಮೇಲೆ ನಗ್ತಿದೆ ಮಗು. ಇನ್ನೊಂದು ಒಂಬತ್ತು ದಿನ ನಗ್ಲಿ ಬಿಡೋ."

"ಹಬ್ಬದ ದಿನ ಅಳಿಸ್ತೀಯಾ?"

"ಅವತ್ತು ಜನ ಇರ್ತಾರೆ," ಎಂದ ಇನಾಸ್. "ಅಳಲ್ಲ ಅವಳು."

ಆ ಮಾತಿಗೆ ಅಲ್ಲೇ ಕೆನ್ನೆಗೆ ಬಾರಿಸಬೇಕಿತ್ತು. ರೊಜಾರ್ ಕನ್ನಡಿ ವಾಪಸು ಕೊಟ್ಟ. ಒಂಬತ್ತು ದಿನ ನಗಲಿ ಎಂಬುದು ಅವನಿಗೂ ಇಷ್ಟವಾಗಿಬಿಟ್ಟಿತ್ತು. ಹೇಳಬೇಕಾದವನು ತಾನಲ್ಲ ಎಂಬುದು ಅದಕ್ಕಿಂತ ಇಷ್ಟವಾಗಿತ್ತು.

ಇಪ್ಪತ್ಮೂರಕ್ಕೆ ತಟ್ಟೆಗಳು ಹೊರಟವು. ಹತ್ತೊಂಬತ್ತು ಮನೆ, ಹತ್ತೊಂಬತ್ತು ತಟ್ಟೆ. ಪ್ರತಿ ತಟ್ಟೆಯಲ್ಲೂ ನೆವ್ರಿ, ಕುಲ್‌ಕುಲ್, ದೋದೋಲ್ ಹಲ್ವದ ಎರಡು ತುಂಡು. ವೆಲೂಶ ಹಿಂದಿನ ಸಂಜೆಯೇ ಹತ್ತೊಂಬತ್ತು ಚೀಟಿ ಬರೆದು ಒಂದೊಂದು ತಟ್ಟೆಯಲ್ಲಿ ಒಂದೊಂದು ಇಟ್ಟಿದ್ದಳು: ಎಸ್ಪೆರಾನ್ಸಳ ಮಕ್ಕಳಿಂದ. ತಟ್ಟೆಗಳಿಗೆ ಕಸೂತಿ ಬಟ್ಟೆ ಮುಚ್ಚಿ ಅಂಚು ಕಟ್ಟುವ ಕೆಲಸ ಮುದುಕಿ ತಾನು ಮಾಡುತ್ತೇನೆಂದಳು. ಬೆಳಗ್ಗೆ ಸ್ನಾನದ ನೀರಿಗೆ ಒಲೆ ಹಚ್ಚಲು ಹೋದ ರೊಜಾರನಿಗೆ ಬೂದಿಯ ಅಂಚಿನಲ್ಲಿ ಅರೆಬರೆ ಸುಟ್ಟ ಬಣ್ಣದ ಅಕ್ಷರ ಕಂಡಿತು. ತಾಯಿಯ ಮುಂದೆ ಹೋಗಿ ನಿಂತ. ಅವಳು ಕಟ್ಟುತ್ತಿದ್ದ ಗಂಟಿನಿಂದ ಕಣ್ಣೆತ್ತಲಿಲ್ಲ.

"ಸತ್ತೋರ ಹೆಸರಲ್ಲಿ ಸಿಹಿ ಹಂಚ್ತಾರೇನೋ? ಯಾವೂರಲ್ಲಿ?"

"ಹಂಗಾದ್ರೆ ಆ ಮಗು ಕೈಯಲ್ಲಿ ಯಾಕೆ ಹಂಚಿಸ್ತಿದ್ದೀಯ?"

"ನಾನು ಹೊತ್ರೆ ಊರು ಏನಂತದೆ? ಮಣ್ಣು ಒಣಗೋ ಮುಂಚೆ ಮುದುಕಿ ಇನ್ನೊಂದು ಸೊಸೆ ತಂದ್ಳು ಅಂತದೆ. ಮಕ್ಕಳೇ ಹೊತ್ರೆ ಯಾರ ಬಾಯೂ ತೆರೆಯಲ್ಲ." ಹೀಗೆಂದು ಅವಳು ಸ್ವಲ್ಪ ತಡೆದಳು. "ನಂಗೇನು ಖುಷಿ ಅಂದ್ಕೊಂಡ್ಯಾ? ದಿನಾ ನನ್ನ ಕಾಲಿಗೆ ಎಣ್ಣೆ ತಿಕ್ತಿದ್ದೋಳು ಅವಳು. ನನ್ನ ಹೊಟ್ಟೇಲಿ ಹುಟ್ಟಿದ ಎರಡರಲ್ಲಿ ಒಂದೂ ತಿಕ್ಕಿಲ್ಲ."

ಮಕ್ಕಳು ತಟ್ಟೆ ಹೊತ್ತು ಹೊರಟವು. ಆಲ್ರಿಕ್ ಒಂದು, ವೆಲೂಶ ಎರಡು, ಹಿಂದೆ ಸೈಕಲ್ಲಿನ ಮೇಲೆ ಉಳಿದವನ್ನು ಹೇರಿಕೊಂಡು ರೊಜಾರ್. ದಾರಿಯಲ್ಲಿ ವೆಲೂಶ ತಿರುಗಿ, ಚೀಟಿ ಜಾರಿ ಬೀಳಲ್ಲ ತಾನೇ ತಿತಿವ್ ಎಂದು ಕೇಳಿದಳು. ಇಲ್ಲ, ಬಟ್ಟೆ ಒಳಗೆ ಭದ್ರ ಇದೆ ಎಂದ ಅವನು.

ಬಾಗಿಲು ಬಾಗಿಲಲ್ಲಿ ಹೆಂಗಸರು ತಟ್ಟೆ ಇಸಿದುಕೊಂಡು ಹುಡುಗಿಯ ಗಲ್ಲ ಹಿಡಿದರು. ಒಳ್ಳೇದಾಯ್ತು ಪುತಾ ಎಂದರು. ದೇವರು ನಿಮಗೊಂದು ನೆರಳು ಕೊಟ್ಟ ಎಂದರು. ಬದಿಮನೆಯ ಕಾರ್ಮೆಲಿನ್ ಅತ್ತೆ ಕಣ್ಣೊರೆಸಿಕೊಂಡು, ಎಷ್ಟು ದೊಡ್ಡ ಮನಸ್ಸು ಈ ಮಗೂದು ಎಂದು ರೊಜಾರನ ಕಡೆ ನೋಡಿದಳು. ಎಲ್ಲವನ್ನೂ ವೆಲೂಶ ತನ್ನ ನೆವ್ರಿಗೆ ಸಿಕ್ಕ ಹೊಗಳಿಕೆ ಎಂದುಕೊಂಡಳು. ವಾಡೆಗೆಲ್ಲ ಸುದ್ದಿ ಮುಟ್ಟಿತ್ತು. ಗೊತ್ತಿಲ್ಲದವಳು ತಟ್ಟೆ ಹೊತ್ತವಳು ಒಬ್ಬಳೇ.

ಹಬ್ಬದ ದಿನ ಮಧ್ಯಾಹ್ನ ಇಪ್ಪತ್ತಾರು ಜನ ಕೂತರು. ವೆಲೂಶ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದು, ಅವರವರ ಕುರ್ಚಿ ತೋರಿಸಿ, ಮುದುಕರಿಗೆ ದಿಂಬು ಕೊಟ್ಟು, ಮಕ್ಕಳಿಗೆ ಚಾಪೆ ಹಾಸಿಕೊಟ್ಟಳು. ಪುಲಾವು, ಹಂದಿಮಾಂಸದ ಸೊರ್ಪತೆಲ್, ಇಡ್ಲಿಯಂಥ ಸನ್ನಣ, ಕೋಳಿ ಎಲ್ಲವೂ ಅವಳ ಕಣ್ಸನ್ನೆಗೆ ಒಳಗಿನಿಂದ ಹೊರಗೆ ಬರುತ್ತಿದ್ದವು. ಕೆಪೆಯ ನಾಲ್ವರಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳು ಏನೂ ತಿನ್ನದೆ ಬೆರಳು ಹಿಸುಕಿಕೊಳ್ಳುತ್ತಿದ್ದಳು. ವೆಲೂಶ ಅವಳ ಹತ್ತಿರ ಹೋಗಿ, ಖಾರ ಆಯ್ತಾ, ಬೇರೆ ತರ್ಲಾ ಎಂದು ಕೇಳಿದಳು. ಆ ಹೆಂಗಸಿನ ಕಣ್ಣು ತುಂಬಿತು. ಖಾರವೇ ಇರಬೇಕೆಂದು ವೆಲೂಶ ನೀರು ತಂದುಕೊಟ್ಟಳು.

ರೊಜಾರ್ ಕಂಬಕ್ಕೊರಗಿ ನಿಂತು ಅಣ್ಣನನ್ನೇ ನೋಡುತ್ತಿದ್ದ. ಈಗ ಹೇಳುತ್ತಾನೆ, ಈಗ ಒಳಗೆ ಕರೆದು ಹೇಳುತ್ತಾನೆ. ಇನಾಸ್ ಮದ್ಯದ ಲೋಟ ತುಂಬಿಸಿಕೊಂಡ, ಖಾಲಿ ಮಾಡಿದ, ಮತ್ತೆ ತುಂಬಿಸಿಕೊಂಡ. ಹೇಳಲಿಲ್ಲ. ಹೇಳಿದ್ದು ದೊಡ್ಡಪ್ಪ. ವೆಲೂಶ ಸಿಹಿಯ ದೊಡ್ಡ ಹರಿವಾಣವನ್ನು ಎರಡೂ ಕೈಯಲ್ಲಿ ಹೊತ್ತು ಹೊರಗೆ ಬರುವ ಹೊತ್ತಿಗೆ ಅವನು ಲೋಟ ಎತ್ತಿ ನಿಂತಿದ್ದ. ಈ ಮನೆಯ ಕತ್ತಲೆಯನ್ನು ಈ ಮನೆಯ ಮಕ್ಕಳೇ ಕಳೆದವು ಎಂದ. ತಮ್ಮ ಕೈಯಾರೆ ಸಿಹಿ ಮಾಡಿ, ತಮ್ಮ ಕೈಯಾರೆ ಹಂಚಿ, ಅಪ್ಪನಿಗೆ ದಾರಿ ಮಾಡಿಕೊಟ್ಟವು, ಇನ್ನು ನಾವು ದೊಡ್ಡವರು ಆಡುವ ಮಾತೇನು ಉಳಿಯಿತು ಎಂದ. ಜನವರಿ ಹದಿನೆಂಟಕ್ಕೆ ಮೆರ್ವಿನಾ ಈ ಮನೆ ತುಂಬುತ್ತಾಳೆ ಎಂದ. ನೀಲಿ ಸೀರೆಯವಳು ತಲೆ ತಗ್ಗಿಸಿದಳು. ಎಲ್ಲರೂ ಲೋಟ ಎತ್ತಿದರು.

ಮುದುಕಿ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಬಂದು, ವೆಲೂಶಳ ಹಣೆಗೆ ಮುತ್ತಿಟ್ಟು, ತೋಳಿನ ಕಪ್ಪು ಪಟ್ಟಿಯ ಹೊಲಿಗೆಗೆ ಕತ್ತರಿ ಹಾಕಿದಳು. ಹುಡುಗಿಯ ಎರಡೂ ಕೈಯಲ್ಲಿ ಹರಿವಾಣ ಇತ್ತು. ಅವಳು ತೋಳನ್ನು ಎಳೆದುಕೊಳ್ಳಬೇಕಾದರೆ ಹರಿವಾಣ ಬೀಳಿಸಬೇಕಿತ್ತು. ಬೀಳಿಸಲಿಲ್ಲ. ಪಟ್ಟಿ ಕಳಚಿ ಮುದುಕಿಯ ಮುಷ್ಟಿಯೊಳಗೆ ಹೋಯಿತು. ಆ ತೋಳಿನ ಮೇಲೆ, ಒಂಬತ್ತು ತಿಂಗಳು ಬಿಸಿಲು ಕಾಣದ ಬೆಳ್ಳನೆಯ ಪಟ್ಟಿಯೊಂದು ಉಳಿಯಿತು.

ಮೊದಲು ಅವರಿಗೆ ಕೊಡು ಪುತಾ ಎಂದಳು ಮುದುಕಿ. ವೆಲೂಶ ಹೋಗಿ ಮೆರ್ವಿನಾಳ ಮುಂದೆ ಹರಿವಾಣ ಹಿಡಿದಳು.

ರೊಜಾರ್ ಕಂಬ ಬಿಟ್ಟ. ಕುರ್ಚಿಯೊಂದು ಉರುಳಿತು. ನೀವೆಲ್ಲ ಮನುಷ್ಯರಾ, ಒಂದು ಮಗುವನ್ನು ಹೀಗೆ ಕಟ್ಟಿಹಾಕಿ ಸುಲಿತೀರಾ ಎಂದು ಶುರುಮಾಡಿದವನು, ಇನಾಸನ ಅಂಗಿಯ ಕಾಲರಿಗೆ ಕೈ ಹಾಕಿದ. ಹೆಂಗಸರು ಎದ್ದರು. ಆಲ್ರಿಕ್ ಅಳತೊಡಗಿದ. ಆಗ ಹರಿವಾಣ ಹೊತ್ತುಕೊಂಡೇ ವೆಲೂಶ ನಡುವೆ ಬಂದು ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಸ್ವರ ಮಾತ್ರ ಸ್ಪಷ್ಟವಾಗಿತ್ತು.

"ತಿತಿವ್, ಬೇಡ. ಜನ ಊಟ ಮಾಡ್ತಿದಾರೆ."

ಅವನು ಕೈಬಿಟ್ಟ. ಎಂಥ ಮಗು, ದೊಡ್ಡವರಿಗಿಂತ ದೊಡ್ಡದು ಎಂದು ಯಾರೋ ಅಂದರು. ಉರುಳಿದ ಕುರ್ಚಿಯನ್ನು ಯಾರೋ ಎತ್ತಿಟ್ಟರು. ಊಟ ಮುಂದುವರಿಯಿತು.

ಅವನು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕತೊಡಗಿದ. ಮಾಡಲು ಬೇರೇನೂ ತೋಚಲಿಲ್ಲ. ಬಂದ ಬಂದ ಪಾತ್ರೆಯನ್ನು ಬೂದಿ ಹಾಕಿ, ತೆಂಗಿನ ನಾರಿನಿಂದ, ಯಾರದೋ ಮುಖ ತಿಕ್ಕುವವನ ಹಾಗೆ ತಿಕ್ಕಿದ. ಸ್ವಲ್ಪ ಹೊತ್ತಿಗೆ ವೆಲೂಶ ಪುಲಾವಿನ ಹಂಡೆಯನ್ನು ಎಳೆದುಕೊಂಡು ಬಂದಳು. ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಒಂಬತ್ತು."

ಅವಳು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸುತ್ತಿರುವುದು ಅವನಿಗೆ ಕಾಣಿಸಿತು. "ಚೀಟಿ?" ಎಂದಳು.

ಅವನು ಬೂದಿಯ ಕೈಯನ್ನು ನೋಡುತ್ತ ಕೂತ. ಅವಳಿಗೆ ಉತ್ತರ ಸಿಕ್ಕಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಹಾಗೆ ಮಾಡಿದ್ದರೆ ಅವನು ಅವಳ ಕಾಲು ಹಿಡಿಯುತ್ತಿದ್ದ.

"ಮುಂದಿನ ಸಲ ಮೊದ್ಲೇ ಹೇಳು, ಊಟ ಯಾರಿಗೋಸ್ಕರ ಅಂತ," ಎಂದಳು. "ನಾನು ಮಾಡ್ತಿದ್ದೆ. ಹೇಳಿದ್ರೂ ಮಾಡ್ತಿದ್ದೆ. ಮಮ್ಮಿ ಹೆಸರು ಹೇಳ್ದೆ ಮಾಡ್ತಿದ್ದೆ."

ಒಳಗಿನಿಂದ ಮುದುಕಿ ಕರೆದಳು; ಜನ ಹೊರಟಿದ್ದರು. ವೆಲೂಶ ಎದ್ದು, ಲಂಗ ಕೊಡವಿ, ಬಾಗಿಲಿಗೆ ಹೋದಳು. ಒಬ್ಬೊಬ್ಬರಿಗೂ ಸಿಹಿಯ ಪೊಟ್ಟಣ ಕೊಟ್ಟು, ಮತ್ತೆ ಬನ್ನಿ ಎಂದಳು. ಕೊನೆಗೆ ಕೆಪೆಯವರು ಹೊರಟರು. ಮೆರ್ವಿನಾ ಹುಡುಗಿಯ ಮುಂದೆ ಬಗ್ಗಿ ನಿಂತಳು. ವೆಲೂಶ ಅವಳ ಕೈಗೂ ಪೊಟ್ಟಣ ಕೊಟ್ಟಳು.

"ಮತ್ತೆ ಬನ್ನಿ," ಎಂದಳು, ಉಳಿದವರಿಗೆ ಅಂದ ಹಾಗೆಯೇ.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಬರೋದೇನು, ಬಂದ್ರೆ ಹೋಗೋದೇ ಇಲ್ಲ ಮಗಳೇ ಎಂದ ದೊಡ್ಡಪ್ಪ. ಇನಾಸನೂ ನಕ್ಕ. ಮೆರ್ವಿನಾ ಒಬ್ಬಳು ನಗಲಿಲ್ಲ. ಹುಡುಗಿ ಏನು ಹೇಳಿದಳೆಂದು ಅವಳಿಗೆ ತಿಳಿದಿತ್ತು.

ಕಾರು ಹೋದ ಮೇಲೆ ವೆಲೂಶ ಬಾಗಿಲು ಮುಂದೆ ಮಾಡಿ ಹಿತ್ತಲಿಗೆ ಬಂದಳು. ಬೋರಲು ಹಾಕಿದ ಪಾತ್ರೆಗಳ ನಡುವೆ ನಿಂತು ಒಂದೊಂದನ್ನೇ ನೋಡಿದಳು. ಪುಲಾವಿನ ಹಂಡೆ, ಕೋಳಿಯ ಬಾಣಲೆ, ಸನ್ನಣದ ಹಬೆಪಾತ್ರೆ.

"ಏನು ಹುಡುಕ್ತಿದ್ದೀಯ ಪುತಾ?" ಎಂದ ರೊಜಾರ್.

"ಏನಿಲ್ಲ. ನಾನು ಊಟ ಮಾಡಿರ್ಲಿಲ್ಲ."

ಇಪ್ಪತ್ತಾರು ಜನ ಉಂಡಿದ್ದರು. ಒಬ್ಬರಿಗೂ ಅದು ಹೊಳೆದಿರಲಿಲ್ಲ, ಅಪ್ಪನಿಗೆ ಇಲ್ಲ, ಅಜ್ಜಿಗೆ ಇಲ್ಲ. ರೊಜಾರ್ ಹಂಡೆಯನ್ನು ಎತ್ತಿ ಒಳಗೆ ನೋಡಿದ. ಅಗುಳೂ ಉಳಿಯದ ಹಾಗೆ, ಅವನೇ ತಿಕ್ಕಿ ತೊಳೆದಿದ್ದ.